ಮೆಕ್ಕಲು ಸರಿಸಿದ ಅಳಿವೆ: ಕೃಷ್ಣೆಯ ಕಡಲಬಾಗಿಲಿನ ಚರಿತ್ರೆ

ಹೈದರಾಬಾದಿನ ಉಪ್ಪಲ್ ಅಂಚಿನಲ್ಲಿ ಹರಿಯುವ ಮೂಸಿ ನದಿ ವಾಡಪಲ್ಲಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಘಟಪ್ರಭೆ, ಮಲಪ್ರಭೆ, ಭೀಮೆ, ತುಂಗಭದ್ರೆಗಳು ಅದಕ್ಕೆ ಮೊದಲೇ ಕೃಷ್ಣೆಯ ಒಡಲು ಸೇರಿರುತ್ತವೆ. ಕರ್ನಾಟಕದ ಅರ್ಧಕ್ಕೂ ಹೆಚ್ಚು ನೆಲದ ಮಳೆನೀರಿಗೆ ಕಡಲಬಾಗಿಲು ಇರುವುದು ಆಂಧ್ರದ ದಿವಿಸೀಮೆಯಲ್ಲಿ, ಹಂಸಲದೀವಿಯ ಸುತ್ತಿನ ಅಳಿವೆಗಳಲ್ಲಿ. ಈ ತೀರದ ಚರಿತ್ರೆಯನ್ನು ರಾಜ್ಯಗಳ, ಕಂಪನಿಗಳ ಏಳುಬೀಳಾಗಿ ಬರೆಯುವುದು ರೂಢಿ. ಅದನ್ನು ಮೆಕ್ಕಲು ಮಣ್ಣಿನ ಚರಿತ್ರೆಯಾಗಿಯೂ ಓದಬೇಕೆಂಬುದು ಈ ಲೇಖನದ ವಾದ.

ಒಳನಾಡು ಸೇರಿದ ರೇವು

2ನೇ ಶತಮಾನದ ಭೂಗೋಳಜ್ಞ ಟಾಲೆಮಿ ಇಲ್ಲಿ ಮೈಸೋಲೋಸ್ ಎಂಬ ನದಿಯನ್ನೂ ಕಂಟಕೊಸ್ಸುಲ ಎಂಬ ವ್ಯಾಪಾರದ ಪಟ್ಟಣವನ್ನೂ ಹೆಸರಿಸುತ್ತಾನೆ. ಕೃಷ್ಣೆಯ ಮುಖಜ ಭೂಮಿಯ ಘಂಟಸಾಲೆಯಲ್ಲಿ ದೊರೆತ ಪ್ರಾಕೃತ ಶಾಸನಗಳಲ್ಲಿ ಕಂಟಕಸೋಲ ಎಂಬ ಊರಿನ ಹೆಸರಿದೆ, ಮಹಾನಾವಿಕನೊಬ್ಬನ ಉಲ್ಲೇಖವೂ ಇದೆ. ಇಕ್ಷ್ವಾಕು ಕಾಲದ ನಾಗಾರ್ಜುನಕೊಂಡ ಶಾಸನವೂ ಕಂಟಕಸೇಲದ ಮಹಾಚೈತ್ಯವನ್ನು ಸ್ಮರಿಸುತ್ತದೆ. ಇವೆಲ್ಲ ಒಂದೇ ಊರನ್ನು ಸೂಚಿಸುತ್ತವೆ ಎಂಬ ಅಭಿಪ್ರಾಯ ವಿದ್ವಾಂಸರಲ್ಲಿ ನೆಲೆನಿಂತಿದೆ. ನಾವಿಕರ ಆ ಊರಿನ ಸುತ್ತ ಈಗ ಇರುವುದು ಭತ್ತದ ಗದ್ದೆ. ಪುಲಿಗಡ್ಡದ ಬಳಿ ಕವಲೊಡೆಯುವ ಕೃಷ್ಣೆ ದಖ್ಖನಿನ ಮಣ್ಣನ್ನು ತಂದು ಸುರಿದು ಕಡಲನ್ನು ಹಿಂದಕ್ಕೆ ತಳ್ಳಿದ್ದಾಳೆ. ಹಳೆಯ ತೀರದ ಗೆರೆಗಳು ಮುಖಜ ಭೂಮಿಯಲ್ಲಿ ಮರಳದಿಣ್ಣೆಗಳಾಗಿ ಉಳಿದಿವೆ.

  

ಮಚಲಿಪಟ್ಟಣ

17ನೇ ಶತಮಾನದ ಹೊತ್ತಿಗೆ ಗೋಲ್ಕೊಂಡದ ಕಡಲಬಾಗಿಲು ಮಚಲಿಪಟ್ಟಣ. ಡಚ್ಚರು 1606ರಲ್ಲಿ, ಇಂಗ್ಲಿಷರು 1611ರಲ್ಲಿ ಇಲ್ಲಿ ಕೋಠಿ ತೆರೆದರು. ಬಣ್ಣದ ಹತ್ತಿಬಟ್ಟೆ ಇಲ್ಲಿಂದ ಪರ್ಷಿಯಾ, ಆಗ್ನೇಯ ಏಷ್ಯಾಗಳಿಗೆ ಹೋಗುತ್ತಿತ್ತು. ಇಲ್ಲಿಯೂ ತೀರದ ನೀರು ಆಳವಿರಲಿಲ್ಲ. ದೊಡ್ಡ ಹಡಗುಗಳು ದೂರದಲ್ಲೇ ಲಂಗರು ಹಾಕಿದರೆ, ಸಣ್ಣ ದೋಣಿಗಳು ಸರಕು ಸಾಗಿಸುತ್ತಿದ್ದವು. ತಗ್ಗು ತೀರದ ಅಪಾಯ ಬಯಲಾದದ್ದು 1864ರ ನವೆಂಬರ್ 1ರ ಚಂಡಮಾರುತದಲ್ಲಿ. ಉಕ್ಕಿಬಂದ ಕಡಲು ಸುಮಾರು 30,000 ಜನರನ್ನು ಬಲಿ ತೆಗೆದುಕೊಂಡಿತು. 1977ರ ನವೆಂಬರ್ 19ರಂದು ದಿವಿಸೀಮೆ ಅದೇ ದುರಂತವನ್ನು ಮತ್ತೆ ಕಂಡಿತು. ಸತ್ತವರು 10,000ಕ್ಕೂ ಹೆಚ್ಚು.

ತಡೆದ ಮಣ್ಣು

1855ರಲ್ಲಿ ವಿಜಯವಾಡದ ಬಳಿ ಅಣೆಕಟ್ಟು ಪೂರ್ಣಗೊಂಡು ಮುಖಜ ಭೂಮಿ ಅನ್ನದ ಕಣಜವಾಯಿತು. 20ನೇ ಶತಮಾನದಿಂದೀಚೆಗೆ ನಾಗಾರ್ಜುನಸಾಗರ, ಶ್ರೀಶೈಲ, ನಾರಾಯಣಪುರ, ಆಲಮಟ್ಟಿ ಜಲಾಶಯಗಳು ಬಂದವು. ಲಕ್ಷಾಂತರ ಎಕರೆಗೆ ನೀರುಣಿಸಿದ ಈ ಕಟ್ಟೆಗಳು ಮಣ್ಣನ್ನೂ ತಮ್ಮ ತಳದಲ್ಲೇ ಹಿಡಿದಿಟ್ಟವು. ಮುಖಜ ಭೂಮಿಯ ಅಂಚು ಈಗ ಹಲವೆಡೆ ಸವೆಯುತ್ತಿದೆ. ಅಳಿವೆಯ ಕಾಂಡ್ಲಾ ಕಾಡುಗಳಿಗೆ ಸಿಹಿನೀರೂ ಹೊಸ ಮೆಕ್ಕಲೂ ಕಡಿಮೆಯಾಗಿವೆ.

ನದಿ ಯುಗಯುಗಗಳಲ್ಲಿ ಸುರಿದ ಮಣ್ಣು ಕಡಲತಳದಲ್ಲೂ ಹರಡಿದೆ. ಕೃಷ್ಣಾ-ಗೋದಾವರಿ ಕೊಳ್ಳದ ಆ ಪದರಗಳಲ್ಲಿ ಹುದುಗಿರುವ ಮೀಥೇನ್ ಹೈಡ್ರೇಟ್ (ನೀರಿನ ಹರಳಿನಲ್ಲಿ ಸಿಲುಕಿದ ಅನಿಲ) ಕುರಿತು ಅಧ್ಯಯನ ನಡೆಸಿದ ಸಂಸ್ಥೆಗಳಲ್ಲೊಂದು, ಹೈದರಾಬಾದಿನ ಉಪ್ಪಲ್ ರಸ್ತೆಯಲ್ಲೇ ಇರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆ.

ಘಂಟಸಾಲೆಯನ್ನು ಕಡಲಿನಿಂದ ದೂರ ಮಾಡಿದ್ದು ಮೆಕ್ಕಲಿನ ಸಮೃದ್ಧಿ. ಇಂದಿನ ತೀರವನ್ನು ಕರಗಿಸುತ್ತಿರುವುದು ಅದರ ಕೊರತೆ. ಕೃಷ್ಣೆಯ ನೀರಿನ ಹಂಚಿಕೆ ಕುರಿತ 1976ರ ಬಚಾವತ್ ನ್ಯಾಯಮಂಡಳಿಯ ತೀರ್ಪು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಕ್ಕೆ 800 ಟಿಎಂಸಿ ನೀರು ಹಂಚಿತು. ಅಳಿವೆಗೆ ಸೇರಬೇಕಾದ ಮಣ್ಣಿಗೆ ಆ ಹಂಚಿಕೆಯಲ್ಲಿ ಪಾಲಿರಲಿಲ್ಲ. ಮೇಲಿನ ಕಣಿವೆಯ ನಾವು ನೀರಿನ ಲೆಕ್ಕದ ಪಕ್ಕದಲ್ಲೇ ಮಣ್ಣಿನ ಲೆಕ್ಕವನ್ನೂ ಬರೆದಿಡಬೇಕು.