ಮುಖಕ್ಕೋ, ಕುಂಚಕ್ಕೋ?

ಭಾವಚಿತ್ರ ಅಂದ್ರೆ ದೊರೆಗಳದ್ದು, ಪೋಪರದ್ದು ಅಂತ್ಲೇ ಓದಿಕೊಂಡು ಬಂದವರು ನಾವು. ಸ್ಪೇನಿನ ಆಸ್ಥಾನ ಚಿತ್ರಕಾರ ವೆಲಾಸ್ಕೆಸ್ 1650ರಲ್ಲಿ ರೋಮಿನಲ್ಲಿ ತನ್ನ ಗುಲಾಮ ಹುವಾನ್ ದೆ ಪರೇಹಾನನ್ನು ಬರೆದ. ತಗ್ಗದ ಕಣ್ಣು, ನೆಟ್ಟಗಿನ ಕತ್ತು. ಬಿಡುಗಡೆ ಪತ್ರ ಆಮೇಲೆ ಅದೇ ವರ್ಷ ಬಂತು. ಅದಕ್ಕೂ ಇನ್ನು ನಾಲ್ಕು ವರ್ಷ ಚಾಕರಿಯ ಕರಾರು!

1970ರಲ್ಲಿ ಲಂಡನ್ನಿನಲ್ಲಿ ಆ ಚಿತ್ರ ಹರಾಜಾಯಿತು. ಹರಾಜು! ಗುಲಾಮರ ವಂಶದವರ ಕಿವಿಗೆ ಆ ಮಾತು ಹೇಗೆ ಕೇಳಿಸಿರಬೇಡ? ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ ಪಾಲಾದ ಅದರ ಬೆಲೆ 55 ಲಕ್ಷ ಡಾಲರಿಗೂ ಮೇಲೆ. ಆ ದುಡ್ಡು ಮುಖಕ್ಕೋ, ಕುಂಚಕ್ಕೋ ಅಂತ ಕೇಳೋರು ನಾವು.

ಪರೇಹಾನೂ ಚಿತ್ರಕಾರನೇ. 1661ರಲ್ಲಿ ಸಂತ ಮತ್ತಾಯನ ಚಿತ್ರ ಬರೆದಾಗ ಅದರ ಅಂಚಿನಲ್ಲಿ ತನ್ನನ್ನೇ ನಿಲ್ಲಿಸಿಕೊಂಡ, ಕೈಯಲ್ಲಿ ತನ್ನ ಹೆಸರಿದ್ದ ಚೀಟಿ ಹಿಡಿಸಿ. ಅವನಿಗೇ ಅಂತ ಆ ಮ್ಯೂಸಿಯಂ ಪ್ರದರ್ಶನ ಇಟ್ಟದ್ದು 2023ರಲ್ಲಿ, ಅವನ ಮುಖ ಕೊಂಡು 50 ವರ್ಷ ದಾಟಿದ ಮೇಲೆ.