ಗೃಹಗಣಕದ ಕಾರ್ಯಕ್ಷಮತೆ: ಪರೀಕ್ಷಣ ಮತ್ತು ಸಂವರ್ಧನ

ಮನೆಯ ಮೇಜಿನ ಮೇಲೆ ನೆಲೆನಿಂತು ಪತ್ರಲೇಖನ, ಲೆಕ್ಕಪತ್ರ, ಅಂತರಜಾಲ, ಚಿತ್ರಸಂಸ್ಕರಣ, ಆಟ ಮೊದಲಾದ ನಾನಾ ಉಪಯೋಗಗಳಿಗೆ ಒದಗುವ ಡೆಸ್ಕ್‌ಟಾಪ್ ಕಂಪ್ಯೂಟರು ತನಗೆ ಒಪ್ಪಿಸಿದ ಕೆಲಸವನ್ನು ಎಷ್ಟು ಕಾಲದಲ್ಲಿ, ಎಷ್ಟು ವಿದ್ಯುತ್ತನ್ನು ವ್ಯಯಮಾಡಿ, ಬಳಸುವವನನ್ನು ಎಷ್ಟು ಕಾಯಿಸಿ ಮುಗಿಸುತ್ತದೆ ಎಂಬುದರ ಪ್ರಮಾಣವೇ ಅದರ ಕಾರ್ಯಕ್ಷಮತೆ. ಇದನ್ನು ಒಂದೇ ಸಂಖ್ಯೆಯಲ್ಲಿ ಹೇಳಿ ಮುಗಿಸುವ ಆಸೆ ಮಾರುವವರಿಗೂ ಕೊಳ್ಳುವವರಿಗೂ ಬಹುಕಾಲದಿಂದ ಇದ್ದುದೇ. 1981ರಲ್ಲಿ ಐಬಿಎಂ ಹೊರತಂದ ಪರ್ಸನಲ್ ಕಂಪ್ಯೂಟರಿನ ಇಂಟೆಲ್ 8088 ಪ್ರೊಸೆಸರು 4.77 ಮೆಗಾಹರ್ಟ್ಸ್ ವೇಗದಲ್ಲಿ ನಡೆಯುತ್ತಿದ್ದ ಕಾಲದಿಂದ ಮೊದಲ್ಗೊಂಡು, 2004ರಲ್ಲಿ ಪೆಂಟಿಯಮ್ 4 ಪ್ರೊಸೆಸರು 3.8 ಗಿಗಾಹರ್ಟ್ಸನ್ನು ಮುಟ್ಟುವವರೆಗೆ, ಗಡಿಯಾರದ ಆವರ್ತಾಂಕವೇ ಜನಸಾಮಾನ್ಯರ ಮಾನದಂಡವಾಗಿತ್ತು. ಅಲ್ಲಿಂದ 4 ಗಿಗಾಹರ್ಟ್ಸಿಗೆ ಏರುವ ಯೋಜನೆಯನ್ನು ಇಂಟೆಲ್ ಅದೇ ವರ್ಷದ ಅಕ್ಟೋಬರಿನಲ್ಲಿ ಕೈಬಿಟ್ಟಿತು. ಆವರ್ತಾಂಕ ಏರಿದಂತೆ ವೋಲ್ಟೇಜನ್ನೂ ಏರಿಸಬೇಕಾಗುವುದರಿಂದಲೂ, ವ್ಯಯವಾಗುವ ಶಕ್ತಿ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿ ಬೆಳೆಯುವುದರಿಂದಲೂ, ಒಂದು ಚದರ ಸೆಂಟಿಮೀಟರಿಗಿಂತ ತುಸುವೇ ದೊಡ್ಡದಾದ ಸಿಲಿಕಾನ್ ತುಣುಕಿನಿಂದ ಶಾಖವನ್ನು ಹೊರಸೆಳೆಯುವುದು ದುಸ್ಸಾಧ್ಯವಾಗಿತ್ತು. 2005ರಿಂದೀಚೆಗೆ ಒಂದೇ ಚಿಪ್ಪಿನೊಳಗೆ ಎರಡು, ನಾಲ್ಕು, ಎಂಟು ಕೋರ್‌ಗಳನ್ನು ಇಡುವ ಕ್ರಮ ಬಂದ ಮೇಲೆ ಗಿಗಾಹರ್ಟ್ಸ್ ಸಂಖ್ಯೆ ಜಾಹೀರಾತಿನಲ್ಲಿ ಉಳಿಯಿತೇ ಹೊರತು ಅಳತೆಗೋಲಾಗಿ ಉಳಿಯಲಿಲ್ಲ.

ಗಣಕದ ವೇಗದಲ್ಲಿ ಪರಸ್ಪರ ಭಿನ್ನವಾದ ಎರಡು ಗುಣಗಳುಂಟು. ಒಂದು ಸೆಕೆಂಡಿನಲ್ಲಿ ಎಷ್ಟು ದತ್ತಾಂಶ ಸಾಗಬಲ್ಲದು ಎಂಬುದು ಒಂದು. ಕೇಳಿದ ತುಣುಕು ಕೈಸೇರಲು ಎಷ್ಟು ಹೊತ್ತು ಕಾಯಬೇಕು ಎಂಬುದು ಮತ್ತೊಂದು. ನಿಮಿಷಕ್ಕೆ 7,200 ಸುತ್ತು ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಒಂದು ಸುತ್ತಿಗೆ 8.33 ಮಿಲಿಸೆಕೆಂಡು ಹಿಡಿಯುತ್ತದೆ; ಬೇಕಾದ ದತ್ತಾಂಶ ಓದುಮೊನೆಯ ಕೆಳಕ್ಕೆ ಬರಲು ಸರಾಸರಿ ಅದರ ಅರ್ಧ, ಅಂದರೆ 4.17 ಮಿಲಿಸೆಕೆಂಡು ಕಾಯಬೇಕು. ಓದುಮೊನೆ ಒಂದು ಪಥದಿಂದ ಇನ್ನೊಂದಕ್ಕೆ ಸರಿಯಲು ಮತ್ತೆ ಎಂಟೊಂಬತ್ತು ಮಿಲಿಸೆಕೆಂಡು. ಹೀಗೆ ಚದುರಿದ ಒಂದೊಂದು ತುಣುಕಿಗೂ ಹನ್ನೆರಡು ಹದಿಮೂರು ಮಿಲಿಸೆಕೆಂಡು ಸಂದುಹೋಗುವುದರಿಂದ, ಸೆಕೆಂಡಿಗೆ ನೂರಕ್ಕಿಂತ ಕಡಿಮೆ ತುಣುಕುಗಳೇ ದೊರೆತು, ತುಣುಕೊಂದು 4 ಕಿಲೋಬೈಟಿನದಾದರೆ ಒಟ್ಟು ಮೊತ್ತ ಅರ್ಧ ಮೆಗಾಬೈಟನ್ನೂ ಮುಟ್ಟುವುದಿಲ್ಲ. ಅದೇ ಡಿಸ್ಕು ಒಂದು ಚಲನಚಿತ್ರದ ಕಡತವನ್ನು ಆದಿಯಿಂದ ಅಂತ್ಯದವರೆಗೆ ಎಡೆಬಿಡದೆ ಓದುವಾಗ ಸೆಕೆಂಡಿಗೆ 100ರಿಂದ 150 ಮೆಗಾಬೈಟನ್ನು ಅನಾಯಾಸವಾಗಿ ಕೊಡುತ್ತದೆ. ಯಂತ್ರವನ್ನು ಚಾಲೂ ಮಾಡಿದಾಗ ವಿಂಡೋಸ್ ಓದುವುದು ಚಲನಚಿತ್ರವನ್ನಲ್ಲ, ಸಾವಿರಾರು ಚಿಕ್ಕ ಕಡತಗಳನ್ನು. ಪೆಟ್ಟಿಗೆಯ ಮೇಲೆ ಅಚ್ಚಾದ ಸಂಖ್ಯೆಗೂ ಮನೆಯವರ ಗೊಣಗಾಟಕ್ಕೂ ನಡುವಣ ಅಂತರದ ಬಹುಭಾಗ ಇಲ್ಲಿಯೇ ಅಡಗಿದೆ. ಪ್ರತಿಕ್ರಿಯೆ 0.1 ಸೆಕೆಂಡಿನೊಳಗೆ ಬಂದರೆ ಮನುಷ್ಯನಿಗೆ ಅದು ತತ್‌ಕ್ಷಣದ್ದೆಂದು ತೋರುತ್ತದೆ, 1 ಸೆಕೆಂಡನ್ನು ಮೀರಿದರೆ ವಿಚಾರದ ಎಳೆ ಸಡಿಲವಾಗುತ್ತದೆ, 10 ಸೆಕೆಂಡಾದರೆ ಗಮನ ಬೇರೆಡೆಗೆ ಹರಿಯುತ್ತದೆ ಎಂದು 1968ರಲ್ಲಿ ರಾಬರ್ಟ್ ಮಿಲ್ಲರ್ ಮಾಡಿದ ವಿವೇಚನೆಯನ್ನು ಆಧರಿಸಿ ಯಾಕೋಬ್ ನೀಲ್ಸನ್ 1993ರಲ್ಲಿ ನಿರೂಪಿಸಿದ ಮಿತಿಗಳು ಇಂದಿಗೂ ಗೃಹಪರೀಕ್ಷಕನಿಗೆ ಸಾಕಾದ ಮಾರ್ಗದರ್ಶಿಗಳು.

ಯಾವ ಭಾಗವನ್ನು ಸುಧಾರಿಸಿದರೆ ಎಷ್ಟು ಫಲ ಎಂಬುದನ್ನು ಗಣಿಸುವ ಸೂತ್ರ ಜೀನ್ ಆಮ್ಡಾಲ್ ಅವರದು. 1967ರಲ್ಲಿ ಅವರು ಮಂಡಿಸಿದ ವಾದ ಅನೇಕ ಪ್ರೊಸೆಸರುಗಳುಳ್ಳ ದೊಡ್ಡ ಗಣಕಗಳನ್ನು ಕುರಿತದ್ದಾದರೂ, ಅದರ ತಿರುಳು ಮನೆಯ ಯಂತ್ರಕ್ಕೂ ಅಷ್ಟೇ ಅನ್ವಯಿಸುತ್ತದೆ. ಒಂದು ಕೆಲಸಕ್ಕೆ 40 ಸೆಕೆಂಡು ಹಿಡಿಯುತ್ತಿದ್ದು, ಅದರಲ್ಲಿ 10 ಸೆಕೆಂಡು ಪ್ರೊಸೆಸರಿನ ಗಣನೆಗೂ 30 ಸೆಕೆಂಡು ಡಿಸ್ಕಿಗಾಗಿ ಕಾಯುವುದಕ್ಕೂ ಸಲ್ಲುತ್ತಿದ್ದರೆ, ಎರಡರಷ್ಟು ವೇಗದ ಪ್ರೊಸೆಸರನ್ನು ತಂದು ಕೂರಿಸಿದರೂ ಕಾಲ ಇಳಿಯುವುದು 35 ಸೆಕೆಂಡಿಗೆ ಮಾತ್ರ. ಡಿಸ್ಕನ್ನು ಹತ್ತುಪಟ್ಟು ಚುರುಕು ಮಾಡಿದರೆ 13 ಸೆಕೆಂಡಿಗೆ. ಕೆರೆಯ ಕಾಲುವೆಯನ್ನು ಎಷ್ಟು ಅಗಲ ಮಾಡಿದರೇನು, ಗದ್ದೆಗೆ ಇಳಿಯುವ ನೀರು ತೂಬಿನ ಅಳತೆಯದೇ. ಆದಕಾರಣ ಗೃಹಗಣಕದ ಪರೀಕ್ಷೆಯ ಮುಖ್ಯೋದ್ದೇಶ ಅಂಕ ಗಳಿಸುವುದಲ್ಲ, ಯಂತ್ರ ಎಲ್ಲಿ ಕಾಯುತ್ತಿದೆ ಎಂಬುದನ್ನು ಪತ್ತೆಹಚ್ಚುವುದು.

ಮಾನಕ ಪರೀಕ್ಷೆಗಳ, ಎಂದರೆ ಬೆಂಚ್‌ಮಾರ್ಕುಗಳ, ಇತಿಹಾಸ ದೊಡ್ಡ ಗಣಕಗಳಿಂದ ಆರಂಭವಾಗುತ್ತದೆ. ಬ್ರಿಟನ್ನಿನ ನ್ಯಾಷನಲ್ ಫಿಸಿಕಲ್ ಲ್ಯಾಬೊರೇಟರಿಯಲ್ಲಿ 1972ರಲ್ಲಿ ರೂಪುಗೊಂಡ ವೆಟ್‌ಸ್ಟೋನ್ ದಶಾಂಶಗಣನೆಯನ್ನೂ, 1984ರಲ್ಲಿ ರೈನ್‌ಹೋಲ್ಡ್ ವೈಕರ್ ರಚಿಸಿದ ಡ್ರೈಸ್ಟೋನ್ ಪೂರ್ಣಾಂಕದ ಕೆಲಸವನ್ನೂ ಅಳೆದವು. ಇಂಥ ಕೃತಕ ಪರೀಕ್ಷೆಗಳ ಮೇಲಿನ ಅತೃಪ್ತಿಯಿಂದ, ನಿಜವಾದ ಪ್ರೋಗ್ರಾಮುಗಳನ್ನೇ ಓಡಿಸಿ ನೋಡುವ ಸ್ಪೆಕ್ ಸಂಸ್ಥೆ 1988ರಲ್ಲಿ ಹುಟ್ಟಿತು. ಗೃಹಬಳಕೆಯಲ್ಲಿ ಇಂದು ಪ್ರಚಲಿತವಾಗಿರುವವು ಪ್ರೊಸೆಸರಿಗೆ ಸಿನೆಬೆಂಚ್, ಡಿಸ್ಕಿಗೆ ಕ್ರಿಸ್ಟಲ್‌ಡಿಸ್ಕ್‌ಮಾರ್ಕ್, ಚಿತ್ರಣಕ್ಕೆ 3ಡಿಮಾರ್ಕ್ ಮೊದಲಾದವು. ಅಂಕಕ್ಕೆ ಬೆಲೆ ಬಂದ ಕಡೆ ಅಂಕಕ್ಕಾಗಿ ಓದುವ ವಿದ್ಯಾರ್ಥಿಗಳೂ ಬರುತ್ತಾರೆ. 2001ರಲ್ಲಿ ಎಟಿಐ ಕಂಪನಿಯ ರೇಡಿಯಾನ್ 8500 ಕಾರ್ಡಿನ ಚಾಲಕ ತಂತ್ರಾಂಶವು, ಪರೀಕ್ಷಕರೆಲ್ಲ ಬಳಸುತ್ತಿದ್ದ ಕ್ವೇಕ್ 3 ಎಂಬ ಆಟವನ್ನು ಹೆಸರಿನಿಂದಲೇ ಗುರುತಿಸಿ ಚಿತ್ರದ ಗುಣಮಟ್ಟವನ್ನು ತಗ್ಗಿಸಿ ವೇಗವನ್ನು ಹೆಚ್ಚಿಸುತ್ತಿದ್ದುದು, ಆ ಆಟದ ಕಡತದ ಹೆಸರನ್ನು ಕ್ವ್ಯಾಕ್ ಎಂದು ತಿದ್ದಿ ಓಡಿಸಿದೊಡನೆ ಬಯಲಾಯಿತು.

ಪ್ರಮಾಣೀಕೃತ ಅಂಕಗಳ ಪೈಕಿ ಈ ಲೇಖಕನಿಗೆ ಅತ್ಯಂತ ವಿವೇಕಯುತವಾಗಿ ಕಾಣುವುದು, ವಿಪರ್ಯಾಸವೆಂಬಂತೆ, ಮೂಲೆಗುಂಪಾದ ಒಂದು. ವಿಂಡೋಸ್ ವಿಸ್ತಾದೊಡನೆ ಬಂದ ಎಕ್ಸ್‌ಪೀರಿಯನ್ಸ್ ಇಂಡೆಕ್ಸ್ ಎಂಬ ಸೂಚ್ಯಂಕವು ಪ್ರೊಸೆಸರು, ಮೆಮೊರಿ, ಎರಡು ಬಗೆಯ ಚಿತ್ರಣ, ಡಿಸ್ಕು ಇವುಗಳಿಗೆ ಬೇರೆಬೇರೆ ಅಂಕ ಕೊಟ್ಟು, ಅವುಗಳ ಸರಾಸರಿಯನ್ನು ತೆಗೆಯದೆ, ಎಲ್ಲಕ್ಕಿಂತ ಕನಿಷ್ಠವಾದುದನ್ನೇ ಇಡೀ ಯಂತ್ರದ ಅಂಕವೆಂದು ಸಾರುತ್ತಿತ್ತು. ವಿಂಡೋಸ್ 7ರಲ್ಲಿ ಗರಿಷ್ಠ ಅಂಕ 7.9 ಇದ್ದರೂ ತಿರುಗುವ ಹಾರ್ಡ್ ಡಿಸ್ಕಿಗೆ 5.9ಕ್ಕಿಂತ ಮೇಲೆ ಸಿಗುತ್ತಿರಲಿಲ್ಲವಾಗಿ, ಎಷ್ಟೇ ದುಬಾರಿಯ ಪ್ರೊಸೆಸರು ಹಾಕಿಸಿದವನ ಗಣಕವೂ 5.9ಕ್ಕೇ ನಿಲ್ಲುತ್ತಿತ್ತು. 2013ರ ವಿಂಡೋಸ್ 8.1ರಲ್ಲಿ ಅದನ್ನು ತೋರಿಸುವ ಪುಟವನ್ನೇ ತೆಗೆದುಹಾಕಲಾಯಿತು.

ಮನೆಯಲ್ಲಿ ಪರೀಕ್ಷೆ ನಡೆಸುವವನು ಮೊದಲು ಮಾಡಬೇಕಾದುದು ತನಗೆ ನಿಜವಾಗಿ ಬೇಸರ ತರುವ ಕೆಲಸವನ್ನು ಆರಿಸಿಕೊಂಡು ಅದಕ್ಕೆ ಹಿಡಿಯುವ ಕಾಲವನ್ನು ಮೊಬೈಲಿನ ಸ್ಟಾಪ್‌ವಾಚಿನಿಂದ ಅಳೆದು ಬರೆದಿಡುವುದು. ಯಂತ್ರವನ್ನು ಹೊಸದಾಗಿ ಆರಂಭಿಸಿ, ಹಿನ್ನೆಲೆಯ ಅಪ್‌ಡೇಟುಗಳೂ ವೈರಸ್ ಶೋಧವೂ ಶಾಂತವಾಗುವವರೆಗೆ ಕೆಲವು ನಿಮಿಷ ಬಿಟ್ಟು, ಒಂದು ದೊಡ್ಡ ತಂತ್ರಾಂಶವನ್ನು, ಉದಾಹರಣೆಗೆ ಲಿಬ್ರೆಆಫೀಸನ್ನು, ತೆರೆದು ಮುಚ್ಚಿ ಮತ್ತೆ ತೆರೆಯಬೇಕು. ಮೊದಲ ಬಾರಿ ಕಡತಗಳು ಡಿಸ್ಕಿನಿಂದ ಬರುತ್ತವೆ. ಎರಡನೆಯ ಬಾರಿ ಅವು ಮೆಮೊರಿಯಲ್ಲಿ ಉಳಿದುಕೊಂಡಿರುತ್ತವೆ. ಎರಡನೆಯ ಸಲ ಕಾಲ ತೀರ ಇಳಿದರೆ ದೋಷ ಡಿಸ್ಕಿನದು. ಹೆಚ್ಚು ವ್ಯತ್ಯಾಸವಿಲ್ಲದಿದ್ದರೆ ಪ್ರೊಸೆಸರಿನದು. ಎರಡನೆಯ ಸಲವೂ ಡಿಸ್ಕಿನ ದೀಪ ಎಡೆಬಿಡದೆ ಮಿನುಗುತ್ತಿದ್ದರೆ ಮೆಮೊರಿ ಸಾಲದೆಂದು ಊಹಿಸಬಹುದು. ಯಾವ ತಂತ್ರಾಂಶವನ್ನೂ ಕೊಳ್ಳದೆ ದೊರೆಯುವ ಈ ನಿದಾನ, ಅನೇಕ ಬಣ್ಣದ ನಕ್ಷೆಗಳಿಗಿಂತ ಖಚಿತವಾದುದು.

ಅನಂತರ ವಿಂಡೋಸಿನ ಟಾಸ್ಕ್ ಮ್ಯಾನೇಜರನ್ನಾಗಲಿ ಲಿನಕ್ಸಿನ ಟಾಪ್, ವಿಎಂಸ್ಟ್ಯಾಟ್ ಆದೇಶಗಳನ್ನಾಗಲಿ ತೆರೆದು ನೋಡಬಹುದು. ಇಲ್ಲಿ ಎರಡು ಭ್ರಾಂತಿಗಳಿಗೆ ಎಡೆಯುಂಟು. ಏಕಕಾಲದಲ್ಲಿ ನಾಲ್ಕು ಎಳೆಗಳನ್ನು (ಥ್ರೆಡ್ಡುಗಳನ್ನು) ನಡೆಸಬಲ್ಲ ಪ್ರೊಸೆಸರಿನಲ್ಲಿ ಒಂದೇ ಎಳೆಯ ಕೆಲಸ ಉಸಿರುಗಟ್ಟಿ ಓಡುತ್ತಿದ್ದರೂ ಒಟ್ಟು ಬಳಕೆ ಶೇಕಡ 25 ಎಂದಷ್ಟೇ ಕಾಣುವುದರಿಂದ, ಪ್ರೊಸೆಸರು ಬಿಡುವಾಗಿದೆಯೆಂದು ತಪ್ಪು ತಿಳಿಯುವುದುಂಟು. ಮೆಮೊರಿ ಬಹುಪಾಲು ತುಂಬಿರುವುದನ್ನು ಕಂಡು ಗಾಬರಿಯಾಗುವುದು ಇನ್ನೊಂದು. ಕಾರ್ಯಾಚರಣ ವ್ಯವಸ್ಥೆ ಖಾಲಿ ಮೆಮೊರಿಯನ್ನೆಲ್ಲ ಕಡತಗಳ ಪ್ರತಿಗಳಿಂದ ತುಂಬಿಟ್ಟು ಬೇಕಾದಾಗ ಬಿಟ್ಟುಕೊಡುತ್ತದೆಯಾಗಿ, ಗಮನಿಸಬೇಕಾದುದು ಲಭ್ಯ ಮೆಮೊರಿಯನ್ನು ಮತ್ತು ಡಿಸ್ಕಿನೊಡನೆ ಪುಟಗಳ ವಿನಿಮಯವನ್ನು. ಮೆಮೊರಿಯನ್ನು ಬಲವಂತವಾಗಿ ಖಾಲಿ ಮಾಡುವ ಬೂಸ್ಟರುಗಳೂ, ರಿಜಿಸ್ಟ್ರಿಯನ್ನು ತೊಳೆಯುವೆವೆನ್ನುವ ಕ್ಲೀನರುಗಳೂ ಈ ಅಜ್ಞಾನದ ಮೇಲೆ ಬದುಕುವ ನಾಟಿವೈದ್ಯ. ಅವುಗಳಿಂದ ಲಾಭವಿರಲಿ, ಹಾನಿ ತಪ್ಪಿದರೆ ಸಾಕು.

ನಿದರ್ಶನಕ್ಕೆ, 2012-13ರ ಸುಮಾರಿನಲ್ಲಿ ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಪೇಟೆಗಳಲ್ಲಿ ಬಿಡಿಭಾಗಗಳಿಂದ ಜೋಡಿಸಿಕೊಡುತ್ತಿದ್ದ ಬಗೆಯ ಒಂದು ಯಂತ್ರವನ್ನು ತೆಗೆದುಕೊಳ್ಳಬಹುದು: ಇಂಟೆಲ್ ಕೋರ್ ಐ3-3220 ಪ್ರೊಸೆಸರು, ಎಚ್61 ಮದರ್‌ಬೋರ್ಡು, 4 ಜಿಬಿಯ ಒಂದೇ ಡಿಡಿಆರ್3 ಮೆಮೊರಿ ಪಟ್ಟಿ, 500 ಜಿಬಿಯ ಹಾರ್ಡ್ ಡಿಸ್ಕು. ಎರಡು ಕೋರ್, ನಾಲ್ಕು ಎಳೆ, 3.3 ಗಿಗಾಹರ್ಟ್ಸ್ ಉಳ್ಳ ಆ ಪ್ರೊಸೆಸರು ಬರವಣಿಗೆಗೂ ಬ್ಯಾಂಕಿನ ವ್ಯವಹಾರಕ್ಕೂ ಇಂದಿಗೂ ಅಸಮರ್ಥವಲ್ಲ. ಹಾರ್ಡ್ ಡಿಸ್ಕಿನ ಜಾಗದಲ್ಲಿ ತಿರುಗುವ ಭಾಗಗಳಿಲ್ಲದ ಒಂದು ಸಾಟಾ ಎಸ್‌ಎಸ್‌ಡಿಯನ್ನು ಇಟ್ಟರೆ ಚದುರಿದ ತುಣುಕಿಗಾಗಿ ಕಾಯುವ ಕಾಲ ಹನ್ನೆರಡು ಮಿಲಿಸೆಕೆಂಡಿನಿಂದ 0.1 ಮಿಲಿಸೆಕೆಂಡಿನ ಆಸುಪಾಸಿಗೆ ಇಳಿಯುತ್ತದೆ. ಎಚ್61 ಚಿಪ್‌ಸೆಟ್ಟು ಸೆಕೆಂಡಿಗೆ 3 ಗಿಗಾಬಿಟ್ಟಿನ ಸಾಟಾವನ್ನು ಮಾತ್ರ ಬಲ್ಲದು, ಆದ್ದರಿಂದ ಎಸ್‌ಎಸ್‌ಡಿಯ 550 ಮೆಗಾಬೈಟು 300ಕ್ಕಿಂತ ಕೆಳಕ್ಕೆ ಕುಗ್ಗುತ್ತದೆಂದು ಹಿಂಜರಿಯುವವರುಂಟು. ಕುಗ್ಗುವುದು ಹರಿವು, ಕಾಯುವ ಹೊತ್ತಲ್ಲವಾದ್ದರಿಂದ ಆ ಹಿಂಜರಿಕೆಗೆ ಕಾರಣವಿಲ್ಲ. ಇದಾದ ಮೇಲೆ ಅಂಥದೇ ಇನ್ನೊಂದು 4 ಜಿಬಿ ಪಟ್ಟಿಯನ್ನು ಎರಡನೆಯ ಸ್ಥಾನದಲ್ಲಿ ಕೂರಿಸಿದರೆ, ಮೆಮೊರಿ ಇಮ್ಮಡಿಯಾಗುವುದಲ್ಲದೆ ಅದರ ದಾರಿಯೂ ಇಮ್ಮಡಿಯಾಗಿ ಸೆಕೆಂಡಿಗೆ 12.8 ಗಿಗಾಬೈಟಿದ್ದುದು 25.6ಕ್ಕೆ ಏರುತ್ತದೆ, ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡಿಲ್ಲದೆ ಮೆಮೊರಿಯನ್ನೇ ಹಂಚಿಕೊಂಡು ಚಿತ್ರ ಬಿಡಿಸುವ ಯಂತ್ರಕ್ಕೆ ಇದರ ಲಾಭ ಹೆಚ್ಚು. ಒಂದು ಬದಲಾವಣೆ ಮಾಡಿ, ಮತ್ತೆ ಅಳೆದು, ಆಮೇಲೆ ಇನ್ನೊಂದಕ್ಕೆ ಕೈಹಾಕಬೇಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿದವನಿಗೆ ಯಾವುದರಿಂದ ಗುಣವಾಯಿತೆಂದು ತಿಳಿಯುವುದಿಲ್ಲ.

ಹಳೆಯ ಡಿಸ್ಕು ನಿಧಾನವಾದುದು ಸ್ವಭಾವದಿಂದಲೋ ರೋಗದಿಂದಲೋ ಎಂಬುದನ್ನು ಮುಂಚಿತವಾಗಿ ನೋಡಿಕೊಳ್ಳುವುದು ಕ್ಷೇಮ. ಡಿಸ್ಕು ತನ್ನ ಆರೋಗ್ಯದ ಬಗ್ಗೆ ತಾನೇ ಇಟ್ಟುಕೊಳ್ಳುವ ಸ್ಮಾರ್ಟ್ ದಾಖಲೆಯಲ್ಲಿ ಸ್ಥಾನಾಂತರಗೊಂಡ ಸೆಕ್ಟರುಗಳ ಸಂಖ್ಯೆ ಏರುತ್ತಿದ್ದರೆ ವೇಗಪರೀಕ್ಷೆಯನ್ನು ಬದಿಗಿಟ್ಟು ಮೊದಲು ಫೋಟೋಗಳನ್ನೂ ಪತ್ರಗಳನ್ನೂ ಬೇರೆಡೆಗೆ ನಕಲು ಮಾಡಬೇಕು. ಹಾರ್ಡ್ ಡಿಸ್ಕಿಗೆ ಹಿತವಾಗಿದ್ದ ಡಿಫ್ರಾಗ್ಮೆಂಟೇಷನ್ ಎಸ್‌ಎಸ್‌ಡಿಗೆ ಅನಾವಶ್ಯಕವಾದ ಸವೆತ. ಅದಕ್ಕೆ ಬೇಕಾದುದು ಅಳಿಸಿದ ಜಾಗ ಯಾವುದೆಂದು ತಿಳಿಸುವ ಟ್ರಿಮ್ ಆದೇಶ ಮತ್ತು ತುಸು ಖಾಲಿ ಜಾಗ.

ಶಾಖದ ವಿಷಯವನ್ನು ಪುಸ್ತಕಗಳು ಕಡೆಗೆ ಹೇಳುತ್ತವಾದರೂ ನಮ್ಮ ಹವೆಯಲ್ಲಿ ಅದಕ್ಕೆ ಮೇಲಿನ ಸ್ಥಾನವೇ ಸಲ್ಲಬೇಕು. ಪ್ರೊಸೆಸರು ಸುಮಾರು 100 ಡಿಗ್ರಿ ಸೆಲ್ಸಿಯಸ್ಸಿನ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನಾಗಿಯೇ ಆವರ್ತಾಂಕವನ್ನು ಇಳಿಸಿಕೊಳ್ಳುತ್ತದೆ; ಫ್ಯಾನು ತಣಿಸುವುದು ಕೋಣೆಯ ಗಾಳಿಯಿಂದಲೇ ಆದ್ದರಿಂದ, 25 ಡಿಗ್ರಿಯ ಮೈಸೂರಿನ ಕೋಣೆಯಲ್ಲಿ ನಿರಾತಂಕವಾಗಿ ನಡೆದ ಯಂತ್ರ, 40 ಡಿಗ್ರಿಯನ್ನು ದಾಟುವ ರಾಯಚೂರಿನ ಇಲ್ಲವೆ ಕಲಬುರಗಿಯ ಬೇಸಿಗೆಯಲ್ಲಿ ಅದೇ ಕೆಲಸಕ್ಕೆ ಹದಿನೈದು ಡಿಗ್ರಿ ಹೆಚ್ಚು ಕಾದು ಮಂದವಾಗಬಹುದು. ಇದನ್ನು ಗುರುತಿಸಲು ಸಿನೆಬೆಂಚನ್ನು ಹತ್ತು ನಿಮಿಷ ಎಡೆಬಿಡದೆ ಓಡಿಸಿ, ಅಂಕ ಸುತ್ತಿನಿಂದ ಸುತ್ತಿಗೆ ಇಳಿಯುತ್ತದೆಯೇ ಎಂದು ನೋಡಿದರೆ ಸಾಕು. ಪಕ್ಕದ ಮುಚ್ಚಳ ತೆಗೆದರೆ ಶಾಖಹಾರಕದ ಅಲ್ಯೂಮಿನಿಯಮ್ ರೆಕ್ಕೆಗಳಿಗೂ ಫ್ಯಾನಿಗೂ ನಡುವೆ ಧೂಳು ಬೂದು ಬಣ್ಣದ ಪದರವಾಗಿ ಹೆಪ್ಪುಗಟ್ಟಿರುವುದು ಸಾಮಾನ್ಯ ದೃಶ್ಯ. ಫ್ಯಾನಿನ ಎಲೆಯನ್ನು ಬೆರಳಿನಿಂದ ತಡೆಹಿಡಿದು ಬ್ರಷ್ಷಿನಿಂದಲೂ ಊದುಗಾಳಿಯಿಂದಲೂ ಅದನ್ನು ತೆಗೆಯಬೇಕು. ವರ್ಷಗಳು ಕಳೆದಿದ್ದರೆ ಒಣಗಿ ಪುಡಿಯಾದ ಥರ್ಮಲ್ ಪೇಸ್ಟನ್ನು ಒರೆಸಿ ಕಡಲೆಕಾಳಿನಷ್ಟು ಹೊಸದನ್ನು ಇಡಬೇಕು. ಮೆಮೊರಿ ಪಟ್ಟಿಯ ಚಿನ್ನಲೇಪಿತ ಹಲ್ಲುಗಳನ್ನು ಪೆನ್ಸಿಲಿನ ರಬ್ಬರಿನಿಂದ ಉಜ್ಜುವ ರಿಪೇರಿಯವರ ಪದ್ಧತಿ ಕೆಲಸ ಮಾಡುವುದೇನೋ ನಿಜ, ಆದರೆ ಪದೇಪದೇ ಉಜ್ಜಿದರೆ ಲೇಪ ಸವೆಯುವುದರಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಉತ್ತಮ.

ಆವರ್ತಾಂಕವನ್ನು ನಿಗದಿಗಿಂತ ಏರಿಸುವ ಓವರ್‌ಕ್ಲಾಕಿಂಗ್ ಒಂದು ಕಾಲಕ್ಕೆ ಬಡವನ ಭಾಗ್ಯವಾಗಿತ್ತು. 1998ರ ಸೆಲೆರಾನ್ 300ಎ ಪ್ರೊಸೆಸರಿನ ಬಸ್ ವೇಗವನ್ನು 66ರಿಂದ 100 ಮೆಗಾಹರ್ಟ್ಸಿಗೆ ಬದಲಿಸಿದ ಮಾತ್ರಕ್ಕೆ ಅದು 450 ಮೆಗಾಹರ್ಟ್ಸಿನಲ್ಲಿ ಓಡುತ್ತಿತ್ತು. ಇಂದಿನ ಪ್ರೊಸೆಸರುಗಳು ಶಾಖ ಅನುಮತಿಸಿದಷ್ಟು ತಾವೇ ಏರಿಕೊಳ್ಳುವುದರಿಂದ ಉಳಿದ ಲಾಭ ಅಲ್ಪ. ಹೊಸ ಯಂತ್ರದಲ್ಲಿ ಇದಕ್ಕಿಂತ ಫಲವತ್ತಾದುದು, 3200ರ ಡಿಡಿಆರ್4 ಪಟ್ಟಿ ಕೊಂಡಿದ್ದರೂ ಕೆಳಗಿನ ಸಾಮಾನ್ಯ ವೇಗದಲ್ಲೇ ನಡೆಯುತ್ತಿರುವುದನ್ನು ಬಯೋಸಿನ ಎಕ್ಸ್‌ಎಂಪಿ ಆಯ್ಕೆಯಿಂದ ಸರಿಪಡಿಸಿ, ಮೆಮ್‌ಟೆಸ್ಟ್86 ತಂತ್ರಾಂಶವನ್ನು ಒಂದು ರಾತ್ರಿ ಓಡಿಸಿ ದೋಷವಿಲ್ಲವೆಂದು ಖಾತರಿ ಮಾಡಿಕೊಳ್ಳುವುದು. ಆಟವಾಡುವವರಿಗೆ ಬೇರೆಯದೇ ಗಣಿತ: ಸೆಕೆಂಡಿಗೆ 60 ಚಿತ್ರವೆಂದರೆ ಒಂದೊಂದಕ್ಕೆ 16.7 ಮಿಲಿಸೆಕೆಂಡು, ಸರಾಸರಿಗಿಂತ ನಡುನಡುವೆ ಬರುವ ಮುಗ್ಗರಿಕೆಗಳೇ ಕಣ್ಣಿಗೆ ಕುಟುಕುತ್ತವೆ. ದುಬಾರಿಯ ಗ್ರಾಫಿಕ್ಸ್ ಕಾರ್ಡು ಕೊಂಡು ಮಾನಿಟರಿನ ಕೇಬಲನ್ನು ಮದರ್‌ಬೋರ್ಡಿನ ಕಿಂಡಿಗೇ ಚುಚ್ಚಿ ಕಾರ್ಡನ್ನು ಕೆಲಸವಿಲ್ಲದೆ ಕೂರಿಸಿರುವವರು ಅಪರೂಪವಲ್ಲ.

ಕಾರ್ಯಕ್ಷಮತೆ ತಂತ್ರಾಂಶದ ದೆಸೆಯಿಂದ ಇಳಿಯುವುದೂ ಉಂಟು. 2018ರ ಜನವರಿಯಲ್ಲಿ ಬೆಳಕಿಗೆ ಬಂದ ಮೆಲ್ಟ್‌ಡೌನ್ ಮತ್ತು ಸ್ಪೆಕ್ಟರ್ ಎಂಬ ಭದ್ರತಾ ನ್ಯೂನತೆಗಳಿಗೆ ಕೊಟ್ಟ ಪರಿಹಾರಗಳು ಹಳೆಯ ಇಂಟೆಲ್ ಪ್ರೊಸೆಸರುಗಳನ್ನು ಸ್ವಲ್ಪ ಮಂದಗೊಳಿಸಿದವು. ಆ ರಕ್ಷಣೆಯನ್ನು ಕಳಚಿ ವೇಗ ಗಳಿಸುವುದು ಬ್ಯಾಂಕಿನ ಗುಪ್ತಪದ ಟೈಪು ಮಾಡುವ ಯಂತ್ರಕ್ಕೆ ಸಲ್ಲದು. ಮೇಲೆ ಹೇಳಿದ ಐ3-3220ಕ್ಕೆ ಎದುರಾಗಿರುವ ಅಡ್ಡಿಯೂ ವೇಗದ್ದಲ್ಲ: ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ, ವಿಂಡೋಸ್ 11 ಸಾಮಾನ್ಯವಾಗಿ ಎಂಟನೆಯ ಪೀಳಿಗೆಯಿಂದೀಚಿನ ಇಂಟೆಲ್ ಕೋರ್ ಪ್ರೊಸೆಸರುಗಳನ್ನೂ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಅಪೇಕ್ಷಿಸುತ್ತದೆ. ಅಂಥ ಯಂತ್ರವನ್ನು ಡೆಬಿಯನ್ ಅಥವಾ ಲಿನಕ್ಸ್ ಮಿಂಟಿನ ಮೇಲೆ ನಡೆಸಬಹುದು. ಹಾಗೆ ಮಾಡದೆ ಹೊಸದನ್ನು ಕೊಳ್ಳುವುದಾದರೆ, ಡಿಡಿಆರ್3 ಮೆಮೊರಿಯ ಹಲ್ಲುಗಂಡಿ ಬೇರೆಯಾದ್ದರಿಂದ ಅದು ಡಿಡಿಆರ್4, ಡಿಡಿಆರ್5 ಬೋರ್ಡುಗಳಲ್ಲಿ ಕೂರುವುದಿಲ್ಲ; ಸಾಟಾ ಎಸ್‌ಎಸ್‌ಡಿಯಾದರೋ ಹಾಗೆಯೇ ಹೊಸ ಪೆಟ್ಟಿಗೆಗೆ ಹೋಗುತ್ತದೆ, ಮತ್ತು ಹಳೆಯ ಎಚ್61 ಬೋರ್ಡಿನಲ್ಲಿ ತಡೆದುಹಿಡಿದಿದ್ದ ಅದರ ಪೂರ್ಣ ಹರಿವು ಅಲ್ಲಿ ದೊರೆಯುತ್ತದೆ.