ಫೋಟೋ ಹಾಕಿದರೆ ಸಾಕು, ಯಂತ್ರವೇ ಕೆತ್ತುತ್ತದೆಯೇ? ಪುಟ್ಟ ಸಿಎನ್‌ಸಿಗೆ ಬೇಕಾದ ಸಾಫ್ಟ್‌ವೇರ್ ಮತ್ತು ಬಿಟ್‌ಗಳು

ಪುಟ್ಟ ಯಂತ್ರವೊಂದು ಮರದ ಹಲಗೆಯ ಮೇಲೆ ಓಡಾಡುತ್ತಾ ಮನೆಯ ಹೆಸರನ್ನೋ ದೇವರ ಚಿತ್ರವನ್ನೋ ಕೆತ್ತುವ ವಿಡಿಯೋಗಳನ್ನು ನೀವೂ ನೋಡಿರುತ್ತೀರಿ. "ಫೋಟೋ ಹಾಕಿದರೆ ಸಾಕು, ಉಳಿದದ್ದನ್ನು ಯಂತ್ರವೇ ಮಾಡುತ್ತದೆ" ಎಂಬ ಮಾತು ಅದರ ಜೊತೆಗೇ ಬರುತ್ತದೆ. ಇದು ನಿಜವೇ? ಇಂಥ ಯಂತ್ರ ಕೊಂಡರೆ ಯಾವ ಸಾಫ್ಟ್‌ವೇರ್ ಬೇಕು, ಯಾವ ಬಿಟ್ ಬೇಕು?

ಚಿಕ್ಕ ಉತ್ತರ: ಯಂತ್ರಕ್ಕೆ ಚಿತ್ರ ಅರ್ಥವಾಗುವುದಿಲ್ಲ. ಚಿತ್ರವನ್ನು ಅದಕ್ಕೆ ತಿಳಿಯುವ ಸೂಚನೆಗಳಾಗಿ ಬದಲಿಸುವ ಕೆಲಸ ನಮ್ಮದು. ಅದಕ್ಕೆ ಉಚಿತ ಸಾಫ್ಟ್‌ವೇರ್ ಸಾಕು. ಹಣ ಖರ್ಚು ಮಾಡುವುದಿದ್ದರೆ ಮೊದಲು ಒಳ್ಳೆಯ ಬಿಟ್‌ಗೆ, ಕಣ್ಣು ಮತ್ತು ಶ್ವಾಸಕೋಶದ ರಕ್ಷಣೆಗೆ ಮಾಡಿ.

ಯಂತ್ರಕ್ಕೆ ತಿಳಿಯುವ ಭಾಷೆ ಯಾವುದು?

ಹವ್ಯಾಸಿಗಳ ನಡುವೆ ಹೆಚ್ಚು ಬಳಕೆಯಲ್ಲಿರುವುದು '3018' ಎಂಬ ಮಾದರಿ. ಕೆಲಸ ಮಾಡುವ ಜಾಗ ಸುಮಾರು 30 ಸೆಂ.ಮೀ. ಉದ್ದ, 18 ಸೆಂ.ಮೀ. ಅಗಲ, ಹೆಸರು ಬಂದದ್ದು ಹೀಗೆ. ಇದರ ನಿಯಂತ್ರಣ ಫಲಕದಲ್ಲಿ ಸಾಮಾನ್ಯವಾಗಿ ಜಿಆರ್‌ಬಿಎಲ್ ಎಂಬ ಮುಕ್ತ ತಂತ್ರಾಂಶ ಇರುತ್ತದೆ. ಅದಕ್ಕೆ ಗೊತ್ತಿರುವುದು ಜಿ-ಕೋಡ್ ಮಾತ್ರ. 'ಬಲಕ್ಕೆ 20 ಮಿ.ಮೀ., ಮುಂದಕ್ಕೆ 10 ಮಿ.ಮೀ. ಇರುವ ಜಾಗಕ್ಕೆ ನಿಮಿಷಕ್ಕೆ 300 ಮಿ.ಮೀ. ವೇಗದಲ್ಲಿ ನೇರವಾಗಿ ಹೋಗು' ಎಂಬಂಥ ಸಾಲುಗಳ ಪಟ್ಟಿ ಅದು. ಹಲಗೆ ಎಲ್ಲಿದೆ, ಕ್ಲ್ಯಾಂಪ್ ಅಡ್ಡ ಬಂದಿದೆಯೇ, ಬಿಟ್ ಮುರಿದಿದೆಯೇ ಎಂಬುದು ಯಂತ್ರಕ್ಕೆ ಕಾಣುವುದಿಲ್ಲ.

ಸಾಫ್ಟ್‌ವೇರ್ ಮಾಡುವುದು ಮೂರು ಕೆಲಸ

'ಯಾವ ಸಾಫ್ಟ್‌ವೇರ್ ಒಳ್ಳೆಯದು?' ಎಂದು ಕೇಳುವ ಮೊದಲು ಯಾವ ಕೆಲಸಕ್ಕೆ ಎಂದು ಕೇಳಿಕೊಳ್ಳಬೇಕು.

1. ವಿನ್ಯಾಸ: ಅಕ್ಷರ, ಚಿತ್ರಗಳನ್ನು ಗೆರೆಗಳಾಗಿ ರೂಪಿಸುವುದು. ಇದಕ್ಕೆ ಇಂಕ್‌ಸ್ಕೇಪ್ ಉಚಿತ ಮತ್ತು ಮುಕ್ತ ತಂತ್ರಾಂಶ.

2. ದಾರಿ ಹಾಕುವುದು: ಆ ಗೆರೆಗಳ ಮೇಲೆ ಬಿಟ್ ಎಷ್ಟು ಆಳದಲ್ಲಿ, ಎಷ್ಟು ವೇಗದಲ್ಲಿ ಸಾಗಬೇಕೆಂದು ಲೆಕ್ಕ ಹಾಕಿ ಜಿ-ಕೋಡ್ ಬರೆಯುವುದು. ಇದನ್ನು ಕ್ಯಾಮ್ ಎನ್ನುತ್ತಾರೆ. ಕೆತ್ತನೆಗೆಂದೇ ಮಾಡಿದ ಎಫ್-ಎನ್‌ಗ್ರೇವ್ ಉಚಿತ. ಫ್ರೀಕ್ಯಾಡ್ ಕೂಡ ಉಚಿತ, ಆದರೆ ಕಲಿಯಲು ತಾಳ್ಮೆ ಬೇಕು. ಬ್ರೌಸರಿನಲ್ಲೇ ನಡೆಯುವ ಈಸೆಲ್ ಹೊಸಬರಿಗೆ ಸುಲಭ. ಅದರ ಕೆಲವು ಸೌಲಭ್ಯಗಳಿಗೆ ಚಂದಾ ಕಟ್ಟಬೇಕು. ವಿಕಾರ್ವ್ ಎಂಬುದು ಹಣ ಕೊಟ್ಟು ಕೊಳ್ಳುವಂಥದ್ದು. ದಿನವೂ ಆರ್ಡರ್ ಬರುವಂತಾದ ಮೇಲೆ ಅದರ ಬಗ್ಗೆ ಯೋಚಿಸಿದರೆ ಸಾಕು.

3. ಕಳಿಸುವುದು: ಜಿ-ಕೋಡನ್ನು ಯುಎಸ್‌ಬಿ ಮೂಲಕ ಯಂತ್ರಕ್ಕೆ ಸ್ವಲ್ಪ ಸ್ವಲ್ಪವಾಗಿ ರವಾನಿಸುವುದು. ಕ್ಯಾಂಡಲ್, ಯೂನಿವರ್ಸಲ್ ಜಿ-ಕೋಡ್ ಸೆಂಡರ್ ಎರಡೂ ಉಚಿತ. ಕೆಲಸದ ನಡುವೆ ಕಂಪ್ಯೂಟರ್ ನಿದ್ದೆಗೆ ಜಾರಿದರೆ ಸೂಚನೆಗಳು ನಿಂತುಹೋಗುತ್ತವೆ. ಬಿಟ್ ಒಂದೇ ಜಾಗದಲ್ಲಿ ತಿರುಗುತ್ತಾ ಮರವನ್ನು ಸುಡಬಹುದು. ಹಾಗಾಗಿ ಸ್ಲೀಪ್ ಸೌಲಭ್ಯವನ್ನು ಮೊದಲೇ ಆಫ್ ಮಾಡಿಡಿ.

ಕನ್ನಡದ ಒತ್ತಕ್ಷರಗಳು ಚೆಲ್ಲಾಪಿಲ್ಲಿ ಆಗುವುದೇಕೆ?

ಇಂಗ್ಲಿಷ್ ಅಕ್ಷರಗಳನ್ನಷ್ಟೇ ಮನಸ್ಸಿನಲ್ಲಿಟ್ಟುಕೊಂಡ ಸಾಫ್ಟ್‌ವೇರಿನಲ್ಲಿ 'ಲಕ್ಷ್ಮೀ ನಿಲಯ' ಎಂದು ಬರೆದರೆ ಒತ್ತು, ದೀರ್ಘಗಳು ಬೇರೆ ಬೇರೆಯಾಗಿ ನಿಲ್ಲಬಹುದು. ಕನ್ನಡದಲ್ಲಿ ಅಕ್ಷರದ ಭಾಗಗಳನ್ನು ಒಟ್ಟುಗೂಡಿಸಿ ತೋರಿಸಬೇಕು, ಆ ವ್ಯವಸ್ಥೆ ಎಲ್ಲ ಸಾಫ್ಟ್‌ವೇರುಗಳಲ್ಲಿ ಇರುವುದಿಲ್ಲ. ಇಂಕ್‌ಸ್ಕೇಪ್‌ನಲ್ಲಿ ಇದೆ. ಅದರಲ್ಲಿ ಯೂನಿಕೋಡ್ ಫಾಂಟ್ ಬಳಸಿ ಹೆಸರು ಬರೆಯಿರಿ. ನಂತರ 'ಪಾತ್' ಮೆನುವಿನಲ್ಲಿರುವ 'ಆಬ್ಜೆಕ್ಟ್ ಟು ಪಾತ್' ಒತ್ತಿ, ಎಸ್‌ವಿಜಿ ಕಡತವಾಗಿ ಉಳಿಸಿ. ಈಗ ಅದು ಅಕ್ಷರವಲ್ಲ, ಬರೀ ಗೆರೆ. ಎಸ್‌ವಿಜಿ ತೆರೆಯಬಲ್ಲ ಯಾವ ಸಾಫ್ಟ್‌ವೇರಿಗೆ ಕೊಟ್ಟರೂ ಆಕಾರ ಕೆಡುವುದಿಲ್ಲ. ಆದರೆ ಆಮೇಲೆ ಕಾಗುಣಿತ ತಿದ್ದಲು ಆಗುವುದಿಲ್ಲ, ಆದ್ದರಿಂದ ಮೂಲ ಕಡತದ ಪ್ರತಿ ಇಟ್ಟುಕೊಳ್ಳಿ.

ಫೋಟೋದಿಂದ ಉಬ್ಬುಶಿಲ್ಪ ಬರುತ್ತದೆಯೇ?

ತಾನಾಗಿ ಬರುವುದಿಲ್ಲ. ಫೋಟೋದಲ್ಲಿ ಇರುವುದು ಬೆಳಕು-ನೆರಳಿನ ಮಾಹಿತಿ, ಆಳದ ಮಾಹಿತಿಯಲ್ಲ. ಕಪ್ಪಾಗಿರುವಲ್ಲಿ ಆಳವಾಗಿ ಕೆತ್ತು ಎಂದು ಸಾಫ್ಟ್‌ವೇರಿಗೆ ಹೇಳಿದರೆ ಅದು ಹಾಗೆಯೇ ಮಾಡುತ್ತದೆ. ಮೂಗಿನ ಪಕ್ಕದ ನೆರಳು ಗುಂಡಿಯಾಗುತ್ತದೆ, ಕಪ್ಪು ಮೀಸೆ ಕೆನ್ನೆಗಿಂತ ಒಳಗೆ ಹೋಗುತ್ತದೆ. ಉಬ್ಬುಚಿತ್ರ ಬೇಕಾದರೆ ಆಳದ ಮಾಹಿತಿಯಿರುವ ಮೂರು ಆಯಾಮದ ಮಾದರಿಯೇ ಬೇಕು. ಲೋಗೋ, ರಂಗೋಲಿಯಂಥ ಕಪ್ಪು-ಬಿಳುಪು ಚಿತ್ರವಾದರೆ ಇಂಕ್‌ಸ್ಕೇಪ್‌ನ 'ಟ್ರೇಸ್ ಬಿಟ್‌ಮ್ಯಾಪ್' ಅದನ್ನು ಚೆನ್ನಾಗಿ ಗೆರೆಗಳಾಗಿ ಬದಲಿಸುತ್ತದೆ.

ಬಿಟ್ ಆಯ್ಕೆ: ಕೋನದ ಲೆಕ್ಕ

ಅಕ್ಷರ ಕೆತ್ತನೆಗೆ ಸಾಮಾನ್ಯವಾಗಿ ಬಳಸುವುದು ಇಂಗ್ಲಿಷ್ 'ವಿ' ಆಕಾರದ ವಿ-ಬಿಟ್. ಇದು ಆಳಕ್ಕೆ ಇಳಿದಷ್ಟೂ ಗೆರೆ ಅಗಲವಾಗುತ್ತದೆ. 1 ಮಿ.ಮೀ. ಆಳಕ್ಕೆ ಇಳಿಸಿದರೆ 30 ಡಿಗ್ರಿ ಬಿಟ್ ಸುಮಾರು 0.54 ಮಿ.ಮೀ., 60 ಡಿಗ್ರಿ ಬಿಟ್ ಸುಮಾರು 1.15 ಮಿ.ಮೀ., 90 ಡಿಗ್ರಿ ಬಿಟ್ 2 ಮಿ.ಮೀ. ಅಗಲದ ಗೆರೆ ಕೊಡುತ್ತದೆ. ಸಣ್ಣ ಒತ್ತಕ್ಷರಗಳಿಗೆ 30 ಡಿಗ್ರಿ ಸರಿ, ಆದರೆ ಅದರ ತುದಿ ಬೇಗ ಮುರಿಯುತ್ತದೆ. ನಾಮಫಲಕದ ದಪ್ಪ ಅಕ್ಷರಗಳಿಗೆ 60 ಡಿಗ್ರಿ ಅಥವಾ 90 ಡಿಗ್ರಿ ಒಳ್ಳೆಯದು.

ಹಲಗೆ ಸಪಾಟಾಗಿರಬೇಕು ಎನ್ನುವುದೂ ಇದೇ ಕಾರಣಕ್ಕೆ. 60 ಡಿಗ್ರಿ ಬಿಟ್‌ನಲ್ಲಿ 0.5 ಮಿ.ಮೀ. ಆಳ ಕೆತ್ತುವಾಗ ಹಲಗೆಯ ಒಂದು ಮೂಲೆ 0.3 ಮಿ.ಮೀ. ತಗ್ಗಿದ್ದರೆ, ಅಲ್ಲಿ ಗೆರೆಯ ಅಗಲ 0.58ರಿಂದ 0.23 ಮಿ.ಮೀ.ಗೆ ಇಳಿಯುತ್ತದೆ, ಅಂದರೆ ಅರ್ಧಕ್ಕಿಂತ ಕಡಿಮೆ. ಒಂದು ಬದಿಯ ಅಕ್ಷರ ದಪ್ಪ, ಇನ್ನೊಂದು ಬದಿಯದು ಸಣಕಲು ಆಗಿದ್ದರೆ ಸಾಫ್ಟ್‌ವೇರನ್ನು ದೂರುವ ಮೊದಲು ಹಲಗೆಯನ್ನು ನೋಡಿ.

ಕೊಳ್ಳುವಾಗ ಬಿಟ್‌ನ ಕಾಂಡದ ದಪ್ಪ ಗಮನಿಸಿ. ಇಂಥ ಯಂತ್ರಗಳ ಜೊತೆ ಬರುವ ಬಿಟ್‌ಗಳ ಕಾಂಡ ಸಾಮಾನ್ಯವಾಗಿ 3.175 ಮಿ.ಮೀ., ಅಂದರೆ ಇಂಚಿನ ಎಂಟನೇ ಒಂದು ಭಾಗ. ಬೇರೆ ಅಳತೆಯ ಬಿಟ್‌ಗೆ ಬೇರೆ ಕಾಲೆಟ್ ಬೇಕು.

ನಿಧಾನ ಮಾಡಿದಷ್ಟೂ ಒಳ್ಳೆಯದೇ?

ಅಲ್ಲ. ಮೋಟಾರು ನಿಮಿಷಕ್ಕೆ 10,000 ಸುತ್ತು ತಿರುಗುತ್ತದೆ, ಬಿಟ್‌ಗೆ ಒಂದೇ ಅಲಗಿದೆ, ಪ್ರತಿ ಸುತ್ತಿಗೂ 0.03 ಮಿ.ಮೀ. ಮರ ಹೆರೆಯಬೇಕು ಎಂದುಕೊಳ್ಳೋಣ. ಮೂರನ್ನೂ ಗುಣಿಸಿದರೆ ನಿಮಿಷಕ್ಕೆ 300 ಮಿ.ಮೀ. ವೇಗ. ಇದಕ್ಕಿಂತ ತೀರಾ ನಿಧಾನವಾದರೆ ಬಿಟ್ ಹೆರೆಯುವ ಬದಲು ಉಜ್ಜುತ್ತದೆ, ಮರ ಕಪ್ಪಾಗುತ್ತದೆ, ಅಲಗು ಮೊಂಡಾಗುತ್ತದೆ. ತೀರಾ ವೇಗವಾದರೆ ಬಿಟ್ ಮುರಿಯುತ್ತದೆ. ಮೊದಲು ಬಿಟ್ಟನ್ನು ಹಲಗೆಯಿಂದ ಮೇಲಕ್ಕೆತ್ತಿ ಗಾಳಿಯಲ್ಲೇ ಒಮ್ಮೆ ಓಡಿಸಿ, ಆಮೇಲೆ ಬೇಡದ ಚೂರಿನ ಮೇಲೆ ಪರೀಕ್ಷಿಸಿ.

ವಿಡಿಯೋಗಳಲ್ಲಿ ಕಾಣದ ಅಪಾಯಗಳು

• ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗಸಂಸ್ಥೆ, ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲ ವಸ್ತುಗಳ ಮೊದಲ ಗುಂಪಿಗೆ ಸೇರಿಸಿದೆ. ಬಟ್ಟೆ ಮಾಸ್ಕ್ ಸಾಲದು. ಎನ್95 ಹಾಕಿ, ಧೂಳು ಹೀರುವ ವ್ಯಾಕ್ಯೂಮ್ ಬಳಸಿ. ಮಕ್ಕಳು ಮಲಗುವ ಕೋಣೆಯಲ್ಲಿ ಯಂತ್ರ ಇಡಬೇಡಿ.

• ಮುರಿದ ಬಿಟ್ ಚೂರು ಸಿಡಿಯುತ್ತದೆ, ಆದ್ದರಿಂದ ಸುರಕ್ಷತಾ ಕನ್ನಡಕ ಬೇಕು. ಬಿಟ್ ತಿರುಗುವಾಗ ಕೈಗವಸು, ದುಪಟ್ಟಾ, ಬಿಚ್ಚಿದ ಕೂದಲು ಬೇಡ. ಇವು ಸಿಕ್ಕಿಕೊಂಡರೆ ಕೈಯನ್ನೂ ಎಳೆದುಕೊಳ್ಳುತ್ತವೆ.

• ಯಂತ್ರದ ಜೊತೆ ಲೇಸರ್ ಇದ್ದರೆ ಅದರ ತರಂಗಾಂತರಕ್ಕೆ ತಕ್ಕ ಕನ್ನಡಕವೇ ಬೇಕು. ಕೂಲಿಂಗ್ ಗ್ಲಾಸ್ ಕಣ್ಣು ಕಾಯುವುದಿಲ್ಲ. ಪಿವಿಸಿಯನ್ನು, ಪಿವಿಸಿ ಲೇಪನದ ರೆಕ್ಸಿನ್ನನ್ನು ಲೇಸರ್‌ನಿಂದ ಸುಡಲೇಬೇಡಿ. ಅದರಿಂದ ಹೈಡ್ರೋಜನ್ ಕ್ಲೋರೈಡ್ ಎಂಬ ವಿಷಾನಿಲ ಬರುತ್ತದೆ.

• ಯಂತ್ರವನ್ನು ಓಡಲು ಬಿಟ್ಟು ಹೊರಗೆ ಹೋಗಬೇಡಿ.

ಕೊನೆಗೆ ಹೇಳುವುದಾದರೆ

ಪುಟ್ಟ ಸಿಎನ್‌ಸಿ ಯಂತ್ರ ನಿಜಕ್ಕೂ ಚೆಂದದ ಕೆತ್ತನೆ ಮಾಡುತ್ತದೆ, ಆದರೆ ಫೋಟೋ ಹಾಕಿದ ಮಾತ್ರಕ್ಕೆ ಅಲ್ಲ. ಇಂಕ್‌ಸ್ಕೇಪ್, ಒಂದು ಉಚಿತ ಕ್ಯಾಮ್, ಒಂದು ಉಚಿತ ಸೆಂಡರ್, 30 ಮತ್ತು 60 ಡಿಗ್ರಿಯ ಒಂದೆರಡು ಬಿಟ್, ಎನ್95 ಮಾಸ್ಕ್, ಕನ್ನಡಕ: ಆರಂಭಕ್ಕೆ ಇಷ್ಟು ಸಾಕು. ನಿಮ್ಮ ಗ್ರೂಪಿನಲ್ಲಿ ಯಾರಾದರೂ ಆ ವಿಡಿಯೋ ಹಂಚಿಕೊಂಡರೆ, ಅವರು ಯಂತ್ರಕ್ಕೆ ಆರ್ಡರ್ ಹಾಕುವ ಮೊದಲು ಇದನ್ನೂ ಕಳಿಸಿ.